ಗಂಗಿಯ ಸೋಮವಾರಗಳು

ಅವ್ವಾ,

ನೀನು ಎಲ್ಲಿದ್ದರೂ ಸ್ವಲ್ಪ ಹೊತ್ತು ಕೂತುಕೋ. ಬರೆಯಲು ಕೂತರೆ ನನಗೆ ಕೈ ನೋಯುತ್ತದೆ, ಮಾತಾಡಲು ಕೂತರೆ ಬಾಯಿ ನೋಯುವುದಿಲ್ಲ. ಇದು ನಿನಗೆ ಗೊತ್ತಿರುವುದೇ. ಅದಕ್ಕೆ ತಿಪಟೂರಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಸುಟ್ಟ ಪಂಪಿನ ಮೋಟರುಗಳ ನಡುವೆ ಸ್ಟೂಲ್ ಹಾಕಿಕೊಂಡು ಫೋನಿಗೆ ಹೇಳುತ್ತಿದ್ದೇನೆ. ನಿನ್ನ ಮೊಮ್ಮಗಳು ಇದನ್ನು ಕೇಳಿಸಿಕೊಂಡು ಕಾಗದಕ್ಕೆ ಇಳಿಸುತ್ತಾಳಂತೆ, ನನ್ನ ಮಾತನ್ನು ತಿದ್ದಿ ಪುಸ್ತಕದ ಮಾತು ಮಾಡುತ್ತಾಳಂತೆ. ನನ್ನದನ್ನು ಬೇಕಾದರೆ ತಿದ್ದು, ಬೇರೆಯವರು ಆಡಿದ್ದನ್ನು ಮುಟ್ಟಬೇಡ ಅಂದಿದ್ದೇನೆ.

ನೀನು ಹೋಗಿ ಎರಡು ಕಾರ್ತಿಕ ಕಳೆಯಿತು. ಇಷ್ಟು ದಿನ ಏನೂ ಹೇಳಲಿಲ್ಲ, ಯಾಕೆಂದರೆ ಹೇಳುವುದಕ್ಕೂ ಕಸುವು ಬೇಕಲ್ಲ. ಈಗಲೂ ಇಲ್ಲ. ಆದರೂ ಇದನ್ನು ನಿನಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡಬೇಕು. ತಂಗಿ ಗಂಗಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಇನ್ನು ಅವಳ ಮೈಮೇಲೆ ಕೆಂಪಮ್ಮ ಬರುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡ, ಪೂರ್ತಿ ಕೇಳು.

ಮೊದಲ ಸಲ ಅದು ಬಂದ ಸೋಮವಾರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಡ ತೀರಿಕೊಂಡ ಮೇಲೆ ಗಂಗಿ ಶೆಟ್ಟಿಕೆರೆಗೆ, ನಿನ್ನ ಮನೆಗೆ, ವಾಪಸ್ಸು ಬಂದು ಒಂದೋ ಎರಡೋ ವರ್ಷವಾಗಿತ್ತು. ಮನೆಯಲ್ಲಿ ಸೋಮವಾರ ಒಪ್ಪತ್ತು. ಸಂಜೆ ಪೂಜೆ ಆಗುವವರೆಗೆ ಒಲೆ ಹಚ್ಚುವಂತಿಲ್ಲ, ಅದು ನಿನ್ನ ಕಾನೂನು. ಅವಳು ಅಟ್ಟದ ಕೆಳಗೆ ಕೂತು ಒಣಗಿದ ತೆಂಗಿನಕಾಯಿಯ ಚಿಪ್ಪು ಒಡೆಯುತ್ತಿದ್ದಳು. ಇದ್ದಕ್ಕಿದ್ದಂತೆ ಮಚ್ಚು ಕೆಳಗಿಟ್ಟಳು. ರವಿಕೆ ತೊಯ್ಯುವಷ್ಟು ಬೆವರು. ಕಣ್ಣು ಎಲ್ಲೋ ನೆಟ್ಟಿತು, ಎದ್ದು ತೂರಾಡಿದಳು, ನಾಲಗೆ ತೊದಲಿತು. ನಾನು ಹೆದರಿ ಗಾಡಿ ತರುತ್ತೇನೆ ಅಂದೆ. ನೀನು ಅಲ್ಲೇ ಕೈ ಅಡ್ಡ ಹಿಡಿದೆ.

"ಲೇ ಮಲ್ಲೇಶಿ, ಸುಮ್ಕಿರ್ಲಾ. ಗಾಡಿ ಗೀಡಿ ಏನೂ ಬ್ಯಾಡ. ಕೆಂಪಮ್ಮ ಬಂದವ್ಳೆ."

ನೀನೇ ಬೆಲ್ಲ ಕದಡಿ ಪಾನಕ ಮಾಡಿದೆ. "ಶಾಂತಳಾಗು ತಾಯಿ" ಅಂತ ಲೋಟದಿಂದ ಅವಳ ಬಾಯಿಗೆ ಹನಿಹನಿಯಾಗಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಕಣ್ಣು ತಿಳಿಯಾಯಿತು, ಗಂಗಿ ನಮ್ಮ ಗಂಗಿಯಾಗಿ "ಏನಾಯ್ತವ್ವ?" ಅಂದಳು. ಪಾನಕ ಕುಡಿದು ದೇವರು ಇಳಿದದ್ದನ್ನು ಎದುರಿಗೆ ನೋಡಿದವನು ಹೇಗೆ ನಂಬದೆ ಇರುತ್ತಾನೆ ಹೇಳು?

ಆಮೇಲಿನ ಸೋಮವಾರಗಳನ್ನು ನಾನು ನಿನಗೆ ನೆನಪಿಸಬೇಕೇ? ಹಜಾರದ ತುಂಬ ಜನ. ಮದುವೆಮನೆಯಲ್ಲಿ ಗಂಗಿ ಎದುರು ಬಂದರೆ ಮುಖ ತಿರುಗಿಸುತ್ತಿದ್ದ ಮುತ್ತೈದೆಯರೇ ಬಂದು ಅವಳ ಕಾಲು ಮುಟ್ಟುತ್ತಿದ್ದರು. ಅವಳು ಬೆವೆತು ಏನೋ ಗೊಣಗುತ್ತಿದ್ದಳು. ನೀನು ಪಕ್ಕದಲ್ಲಿ ಕೂತು, ಕಿವಿಗೊಟ್ಟು ಕೇಳಿ, ಜನಕ್ಕೆ ಬಿಡಿಸಿ ಹೇಳುತ್ತಿದ್ದೆ: "ಮಗೀನ ಓದು ಬುಡಿಸ್ಬ್ಯಾಡ ಅಂತಾವ್ಳೆ." "ತಮ್ಮನ ಪಾಲು ತಮ್ಮನಿಗೆ ಕೊಡು ಅಂತಾವ್ಳೆ." ಗೊಣಗಾಟದಲ್ಲಿ ಅಷ್ಟೆಲ್ಲ ಇತ್ತೇ ಅವ್ವ? ನಾನು ಹಿಂದೆ ನಿಂತು ಕೇಳಿಸಿಕೊಂಡಿದ್ದೇನೆ, ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಕೆಂಪಮ್ಮನ ಭಾಷೆ ಹೆಂಗಸರಿಗೆ ಮಾತ್ರ ತಿಳಿಯುತ್ತದೆಯೇನೋ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಉಳಿದ ದಿನಗಳಲ್ಲಿ ಗಂಗಿ ಎದ್ದ ತಕ್ಷಣ ರೊಟ್ಟಿ ತಿನ್ನುತ್ತಿದ್ದಳು, ಗಳಿಗೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಊದಿಕೊಂಡಳು. "ದೇವ್ರಿಗೂ ಸೇರ್ಸಿ ಉಣ್ತಾವ್ಳೆ" ಅಂತ ನಾವೇ ಗೇಲಿ ಮಾಡಿದೆವು. ಉಣ್ಣದಿದ್ದರೆ ಕೈ ನಡುಗುತ್ತದೆ ಅಂತ ಅವಳು ಹೇಳಿದ್ದಳಂತೆ. ಯಾರಿಗೆ ಹೇಳಿದ್ದಳೋ…

ನಿನ್ನ ವರ್ಷದ ತಿಥಿ ಮುಗಿದ ಮೇಲಿನ ಒಂದು ಸೋಮವಾರ. ನೀನಿಲ್ಲ, ಆದರೆ ಒಪ್ಪತ್ತು ನಿಂತಿರಲಿಲ್ಲ. ಗಂಗಿ ಒಬ್ಬಳೇ ತೋಟಕ್ಕೆ ಹೋಗಿದ್ದಾಳೆ, ಬಿದ್ದ ಗರಿ ಎಳೆದುಹಾಕಲು. ಅವತ್ತು ಅಲ್ಲೇ ಇದ್ದ ನನ್ನ ಹೆಂಡತಿ ಸುಧಾ ತೋಟದಾಚೆಯ ಹೊಲದ ಆಳು ಮನೆಯಲ್ಲೇ ಮರೆತ ಬುತ್ತಿ ಕೊಡಲು ಹೋದವಳು ನೋಡುತ್ತಾಳೆ, ಗರಿಯ ಮೇಲೆ ಗಂಗಿ ಬಿದ್ದಿದ್ದಾಳೆ, ಹಲ್ಲು ಕಚ್ಚಿದೆ, ಕರೆದರೆ ಓಗೊಡುವುದಿಲ್ಲ. ಪಾನಕ ಕುಡಿಸುವಂತಿರಲಿಲ್ಲ, ಬಾಯಿ ಬಿಟ್ಟರೆ ತಾನೇ? ಸುಧಾ ಫೋನ್ ಮಾಡಿದ ತಕ್ಷಣ ನಾನು ಗಾಡಿ ತಂದೆ, ಹಾಗೇ ಎತ್ತಿ ಹಾಕಿಕೊಂಡು ತಿಪಟೂರಿಗೆ ಬಂದೆವು. ಡಾಕ್ಟರು ಬೆರಳು ಚುಚ್ಚಿ ಶುಗರ್ ನೋಡಿದರು. ಬರೀ ಮೂವತ್ತೆಂಟು.

"ಶುಗರ್ ಮಾತ್ರೆ ಏನಾದ್ರೂ ಜಾಸ್ತಿ ನುಂಗಿದ್ರಾ?"

"ಇವ್ಳಿಗೆ ಶುಗರ್ರೇ ಇಲ್ಲ ಸಾರ್. ಇದು ಬೇರೆ. ದೇವ್ರು ಬತ್ತೈತೆ."

ಅವರು ನಗಲಿಲ್ಲ, ಬೈಯಲಿಲ್ಲ. "ದೇವರು ಬರೋದು ಊಟಕ್ಕೆ ಮುಂಚೆನೋ, ಆಮೇಲೋ?" ಅಂತ ಕೇಳಿದರು ನೋಡು ಅವ್ವ. ಅಷ್ಟು ವರ್ಷ ನಾವು ಕೆಂಪಮ್ಮನಿಗೆ ಏನೇನೋ ಕೇಳಿದೆವು, ಈ ಒಂದು ಪ್ರಶ್ನೆ ಯಾರಿಗೂ ಹೊಳೆಯಲಿಲ್ಲವಲ್ಲ.

ಅವಳನ್ನು ಎಬ್ಬಿಸಿ, ಅವರೇ ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ ದಿನ ಗಂಗಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಮಾಡುವ ಪರೀಕ್ಷೆಯೇ ಉಪವಾಸ. ಮೂರು ದಿನದವರೆಗೂ ಬರೀ ನೀರು ಕೊಟ್ಟು, ಆಗಾಗ ರಕ್ತ ತೆಗೆದು ನೋಡುವುದು. "ಅಣ್ಣಯ್ಯ, ಉಪಾಸ ಮಾಡ್ಸಕ್ಕೆ ಇಷ್ಟು ದೂರ ಕರ್ಕಂಬಂದ್ಯಾ? ಅವ್ವ ಬಿಟ್ಟಿ ಮಾಡ್ಸೋಳು" ಅಂದಳು. ಪಕ್ಕದ ಮಂಚದವರೂ ನಕ್ಕರು. ಮೂರು ದಿನ ಎಲ್ಲಿ ಬಂತು? ಮಾರನೆಯ ಬೆಳಿಗ್ಗೆ, ಬಿಸಿಲು ಕಿಟಕಿಯೊಳಗೆ ಬರುವ ಹೊತ್ತಿಗೆ, ಅವಳ ಹಣೆ ಬೆವೆತಿತು. ಕಣ್ಣು ನೆಟ್ಟಿತು. ನನಗೆ ಎಲ್ಲಿದ್ದೇನೆ ಎನ್ನುವುದೇ ಮರೆತುಹೋಗಿ, ಚಪ್ಪಲಿ ಬಿಟ್ಟು ಕೈ ಮುಗಿದು ನಿಂತುಬಿಟ್ಟೆ. ನರ್ಸಮ್ಮ "ಸ್ವಲ್ಪ ಸರೀರಿ, ಯಾಕ್ರೀ ಅಡ್ಡ ನಿಂತ್ರಿ" ಅಂತ ನನ್ನನ್ನು ಪಕ್ಕಕ್ಕೆ ತಳ್ಳಿ ರಕ್ತ ತೆಗೆದುಕೊಂಡಳು. ಆಮೇಲೆ ನರಕ್ಕೆ ಗ್ಲೂಕೋಸ್ ಬಿಟ್ಟರು. ಕೆಂಪಮ್ಮ ಇಳಿದಳು. ನಾನು ಮುಗಿದ ಕೈ ಹಾಗೇ ಇತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳುವುದು ಅಂತ ತಿಳಿಯಲಿಲ್ಲ ಅವ್ವ.

ಕಾಯಿಲೆಯನ್ನು ಬಿಡಿಸಿ ಹೇಳಿದ್ದು ಅಲ್ಲಿನ ಸರ್ಜನ್ ಡಾಕ್ಟರಮ್ಮ. ಹೊಟ್ಟೆಯ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆಯಂತೆ. ಉಂಡಾಗ ಅದು ಇನ್ಸುಲಿನ್ ಬಿಡುತ್ತದೆ, ಉಪವಾಸವಿದ್ದಾಗ ಕಡಿಮೆ ಮಾಡುತ್ತದೆ. ಗಂಗಿಯ ಆ ಗ್ರಂಥಿಯ ಮೇಲೆ ಅಡಿಕೆ ಗಾತ್ರದ ಒಂದು ಗಂಟು ಬೆಳೆದು, ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಸುರಿಯುತ್ತಲೇ ಇತ್ತಂತೆ. ಉಪವಾಸ ಮಾಡಿದರೆ ರಕ್ತದಲ್ಲಿ ಸಕ್ಕರೆ ಇಳಿದು, ಮಿದುಳಿಗೆ ಆಹಾರವಿಲ್ಲದೆ ಹೀಗೆಲ್ಲ ಆಗುತ್ತದಂತೆ. ಬಹಳ ಅಪರೂಪವಂತೆ, ಸಾಮಾನ್ಯವಾಗಿ ಕ್ಯಾನ್ಸರ್ ಆಗಿರುವುದಿಲ್ಲವಂತೆ. ನನ್ನ ಬಾಯಿ ಸುಮ್ಮನಿರುತ್ತದೆಯೇ, ನಿನ್ನ ಪಾನಕದ ಕಥೆಯನ್ನೂ ಹೇಳಿದೆ. ಆಯಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮ ತಾಯಿ ಪ್ರತಿ ಸಲ ಬೆಲ್ಲದ ನೀರು ಕೊಟ್ರಲ್ಲ, ಅದಕ್ಕೇ ಇವರು ಇವತ್ತು ನಮ್ಮುಂದೆ ಕೂತಿದ್ದಾರೆ" ಅಂದರು. ಕೇಳಿಸಿತಾ? ಉಪವಾಸ ಮಾಡಿಸಿ ಅದನ್ನು ಬರಿಸುತ್ತಿದ್ದವಳೂ ನೀನೇ, ಪಾನಕ ಕೊಟ್ಟು ಮಗಳನ್ನು ಉಳಿಸುತ್ತಿದ್ದವಳೂ ನೀನೇ. ನಾನು ಯಾವುದಕ್ಕೆ ಅಂತ ನಿನ್ನ ಮೇಲೆ ಕೋಪ ಮಾಡಿಕೊಳ್ಳಲಿ, ಯಾವುದಕ್ಕೆ ಅಂತ… ಬಿಡು.

ಇನ್ನೊಂದು ಆಸ್ಪತ್ರೆಗೂ ಹೋಗಿ ಕೇಳಿದ್ದೆವು. ಅಲ್ಲಿನವರು ಹೊಟ್ಟೆ ಉದ್ದಕ್ಕೆ ಕೊಯ್ದು ಗ್ರಂಥಿಯ ಅರ್ಧ ಭಾಗವನ್ನೂ, ಅದಕ್ಕೆ ಅಂಟಿಕೊಂಡ ಗುಲ್ಮ ಅನ್ನುವ ಇನ್ನೊಂದು ಅಂಗವನ್ನೂ ತೆಗೆಯುವುದು ಕ್ಷೇಮ ಅಂದರು. ಆಮೇಲೆ ಸಕ್ಕರೆ ಕಾಯಿಲೆ ಬಂದರೂ ಬರಬಹುದು ಅಂದರು. ಡಾಕ್ಟರಮ್ಮ ಮಾತ್ರ ಸ್ಕ್ಯಾನಿನ ಚಿತ್ರ ತೋರಿಸಿ ಬೇರೆ ಹೇಳಿದರು. ಗಂಟು ಮೇಲ್ಗಡೆಯೇ ಇದೆ, ಗ್ರಂಥಿಯ ನಡುವಿನ ನಾಳದಿಂದ ದೂರ ಇದೆ. ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಗಂಟನ್ನು ಮಾತ್ರ ಬಿಡಿಸಿ ತೆಗೆದು ಗ್ರಂಥಿಯನ್ನು ಪೂರ್ತಿ ಉಳಿಸಿಕೊಳ್ಳಬಹುದು. ಬಿಡಿಸಿದ ಜಾಗದಿಂದ ಜೀರ್ಣರಸ ಸೋರುವ ಅಪಾಯ ಇದೆ, ಒಳಗೆ ನೋಡಿದಾಗ ಆಗುವುದಿಲ್ಲ ಅನ್ನಿಸಿದರೆ ದೊಡ್ಡ ಆಪರೇಷನ್ನೇ ಮಾಡಬೇಕಾಗುತ್ತದೆ, ಅದನ್ನೂ ಮುಚ್ಚಿಡದೆ ಹೇಳಿದರು. ಗಂಗಿ ಚಿತ್ರವನ್ನೇ ನೋಡುತ್ತಿದ್ದವಳು ತಲೆ ಎತ್ತಿದಳು.

"ನಾನೂ ದಿನಾ ಅದೇ ಮಾಡೋದು ಕಣಮ್ಮ. ಒಳ್ಗಿರೋ ಉಂಡೆ ಕೊಬ್ರಿಗೆ ಏಟು ಬೀಳ್ದಂಗೆ ಚಿಪ್ಪು ಬುಡುಸ್ಬೇಕು. ಗಾಯ ಆದ್ರೆ ರೇಟು ಬಿತ್ತು."

"ಇಲ್ಲಿ ಉಲ್ಟಾ ಗಂಗಮ್ಮ. ಒಳಗಿರೋ ಉಂಡೆ ತೆಗೆದು ಬಿಸಾಕಿ, ಸುತ್ತ ಇರೋದನ್ನ ಜೋಪಾನ ಮಾಡ್ತೀವಿ."

"ಕೊಬ್ರಿ ಬಿಸಾಕಿ ಚಿಪ್ಪು ಮಡಿಕ್ಕೊಳೋದಾ? ಒಳ್ಳೆ ಯಾಪಾರ ಬುಡಿ!"

ಡಾಕ್ಟರಮ್ಮ ನಕ್ಕರು, ನಾನೂ ನಕ್ಕೆ. ಎಲ್ಲ ಇತ್ಯರ್ಥವಾಯಿತು ಅಂದುಕೊಂಡೆ. ಹೊರಗೆ ಬಂದು ಬೆಂಚಿನ ಮೇಲೆ ಕೂತ ಗಂಗಿ, "ನಾನು ಮಾಡಿಸ್ಕಳಲ್ಲ" ಅಂದಳು.

ಆ ಬೆಂಚಿನ ಮೇಲೆ ನಾನು ಎಷ್ಟು ಬೇಡಿಕೊಂಡೆ, ಎಷ್ಟು ರೇಗಿದೆ, ನಿನಗೆ ಹೇಗೆ ಹೇಳಲಿ? ಅವಳು ಸೆರಗಿನ ತುದಿ ತಿರುಚುತ್ತ ಒಂದೇ ಮಾತು ಹೇಳುತ್ತಿದ್ದಳು. "ತಾಳಿ ಹೋಯ್ತು, ಹೂವು ಹೋಯ್ತು. ಯಾರ ಮನೆ ಆರತಿಗೂ ಕರೀತಿರ್ಲಿಲ್ಲ. ಇದೊಂದು ಇತ್ತು ಅಂತ ಜನ ಹೊಸ್ಲು ತುಳಿದ್ರು. ಇದ್ನೂ ತೆಗೆದುಬುಟ್ರೆ ನಂಗೇನು ಉಳೀತೈತೆ ಅಣ್ಣಯ್ಯ?" ಇನ್ನೊಂದು ಸೋಮವಾರ ತೋಟದಲ್ಲಿ ಬಿದ್ದರೆ ಅವಳು ಏಳುವುದಿಲ್ಲ ಅನ್ನುವುದು ಮಾತ್ರ ನನಗೆ ಗೊತ್ತಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು: "ಮೊನ್ನೆ ವಾರ್ಡಲ್ಲಿ ಬಂದಿತ್ತಲ್ಲ, ನಾನೇನಂದೆ?" ಅವಳಿಗೆ ಅದು ಯಾವತ್ತೂ ನೆನಪಿರುವುದಿಲ್ಲ, ನೀನೇ ಹೇಳಬೇಕಾಗಿತ್ತು. ಇದೇ ಸರಿಯಾದ ಸಮಯ ಅಂದುಕೊಂಡೆ ಅವ್ವ. ಗಂಟಲು ಸರಿ ಮಾಡಿಕೊಂಡು, ಆದಷ್ಟೂ ನಿನ್ನ ಹಾಗೇ, "ಈ ಗಂಟು ತೆಗೆಸ್ಕೋ ಮಗ್ಳೇ, ನಾನು ಕಾಯ್ತೀನಿ ಅಂದ್ಲು ಕೆಂಪಮ್ಮ" ಅಂದೆ.

ಗಂಗಿ ನನ್ನ ಮುಖ ನೋಡಿದಳು.

"ನಿಂಗೆ ಅವ್ವನಂಗೆ ಹೇಳಕ್ಕೆ ಬರಾಕಿಲ್ಲ ಬುಡಣ್ಣ."

ನಾನು ತಲೆ ತಗ್ಗಿಸಿದೆ. ಅವಳಿಗೆ ಗೊತ್ತಿತ್ತು, ಅವ್ವ. ಎಷ್ಟು ವರ್ಷದಿಂದ ಗೊತ್ತಿತ್ತೋ. "ನಾನೇನು ದಡ್ಡೀನಾ? ಮಗೀನ ಓದು, ತಮ್ಮನ ಪಾಲು, ಇವೆಲ್ಲ ಅವ್ವ ಒಲೆ ಮುಂದೆ ದಿನಾ ಆಡೋ ಮಾತೇ. ಆದ್ರೆ ಒಳ್ಳೇದೇ ಹೇಳ್ತಿದ್ಲಲ್ಲ ಅಂತ ಸುಮ್ಕಿದ್ದೆ. ಮುದುಕಿ ಮಾತು ಯಾರು ಕೇಳ್ತಿದ್ರು?" ಅಂದಳು. ಹಾಗಾದರೆ ನಿನಗೆ? ಅವಳಿಗೆ ಗೊತ್ತಿದೆ ಅನ್ನುವುದು ನಿನಗೂ ಗೊತ್ತಿತ್ತಾ? ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಅಷ್ಟು ಸೋಮವಾರಗಳನ್ನು… ನಾನೊಬ್ಬನೇ ಹಿಂದೆ ಕೈ ಮುಗಿದು ನಿಂತಿದ್ದೆನಾ? ಸೆರಗು ಕೊಡವಿಕೊಂಡು ಅವಳೇ ಎದ್ದಳು. "ಆಯ್ತು, ಮಾಡ್ಸು. ನಂಗೂ ಸಾಕಾಗೈತೆ. ಪ್ರತಿ ಸಲ ಕಣ್ಣು ಬಿಟ್ಟಾಗ ನಾನೆಲ್ಲಿಗೆ ಹೋಗಿದ್ದೆ ಅಂತ ಭಯ ಆಗೋದು, ಯಾರೂ ಅದ್ನ ಕೇಳ್ಲಿಲ್ಲ."

ಆಪರೇಷನ್ನಿನ ದಿನ ಸುಧಾ, ನಾನು ಹೊರಗೆ ಕೂತಿದ್ದೆವು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವುದು, ಬೇರೆ ಯಾರದೋ ಹೆಸರು ಕರೆದರೆ ಕೂತುಕೊಳ್ಳುವುದು. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರಮ್ಮ ಟೋಪಿ ತೆಗೆಯುತ್ತ ಬಂದರು. ಒಳಗೇ ಸ್ಕ್ಯಾನಿನ ಕಡ್ಡಿ ಆಡಿಸಿ ಗಂಟು ಇರುವ ಜಾಗ ಖಾತ್ರಿ ಮಾಡಿಕೊಂಡರಂತೆ, ನಾಳಕ್ಕೆ ತಾಗದ ಹಾಗೆ ಸುತ್ತ ಬಿಡಿಸುತ್ತ ಬಂದರಂತೆ, ಒಂದು ಕಡೆ ರಕ್ತ ಜಿನುಗಿದಾಗ ದೊಡ್ಡದು ಮಾಡಬೇಕಾಗಬಹುದು ಅನ್ನಿಸಿತಂತೆ, ಆದರೆ ನಿಂತಿತಂತೆ. "ಗಂಟು ಹೊರಗೆ ಬಂದ ಸ್ವಲ್ಪ ಹೊತ್ತಿಗೇ ಶುಗರ್ ತಾನಾಗಿ ಏರೋಕೆ ಶುರುವಾಯ್ತು. ಗ್ರಂಥಿ ಪೂರ್ತಿ ಇದೆ, ಗುಲ್ಮವೂ ಇದೆ" ಅಂದರು. ಸುಧಾ ಅತ್ತಳು. ನನಗೆ ಅಳುವುದಕ್ಕೂ ಆಗಲಿಲ್ಲ, ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹೋಗಿಬಿಟ್ಟೆ.

ಊರಲ್ಲಿ ಎಲ್ಲರೂ ಸಣ್ಣ ತೂತಿನ ಆಪರೇಷನ್ ಅಂದರೆ ಸಣ್ಣ ಕೆಲಸ ಅಂದುಕೊಂಡಿದ್ದಾರೆ. ತೂತು ಬೇಗ ಮಾಗಿದವು, ನಿಜ. ಒಳಗಿನ ರಸ ಸೋರುವುದು ನಿಲ್ಲಲಿಲ್ಲ. ಹೊಟ್ಟೆಗೆ ಸಿಕ್ಕಿಸಿದ ಕೊಳವೆಯ ಜೊತೆಗೇ ಮನೆಗೆ ಕಳಿಸಿದರು. ಬೆಳಿಗ್ಗೆ ಚೀಲ ಖಾಲಿ ಮಾಡು, ಅಳೆ, ಫೋನಿನಲ್ಲಿ ಹೇಳು. ತಪಾಸಣೆಗೆ ಬಸ್ಸಿನಲ್ಲಿ ಹೋಗು, ಬಾ, ಮತ್ತೆ ಹೋಗು. ಶುಗರ್ ಕೆಲವು ದಿನ ಮೇಲೇ ನಿಂತು, ತಪ್ಪಿಸಿಕೊಳ್ಳಲು ಹೋದ ಕಾಯಿಲೆಯೇ ಬಂತೇನೋ ಅಂತ ಎದೆ ಒಡೆದುಕೊಂಡೆವು. "ಇಷ್ಟು ವರ್ಷ ಆ ಗಂಟೇ ಎಲ್ಲ ಕೆಲಸ ಮಾಡ್ತಿತ್ತು, ಉಳಿದದ್ದು ಮಲಗಿಬಿಟ್ಟಿತ್ತು. ಏಳೋಕೆ ಟೈಮ್ ಕೊಡಿ" ಅಂದರು ಡಾಕ್ಟರಮ್ಮ. ಎದ್ದಿತು. ಕೊಳವೆಯೂ ಒಂದು ದಿನ ಒಣಗಿತು, ತೆಗೆದರು. ಅಷ್ಟು ಹೊತ್ತಿಗೆ ನಾನು ಒಣಗಿದ್ದೆ. ಅಂಗಡಿಯಲ್ಲಿ ಜನ "ಮೋಟ್ರು ಯಾವಾಗ ಕೊಡ್ತೀಯ ಮಲ್ಲೇಶಣ್ಣ, ಗಿಡ ಒಣಗ್ತಾವೆ" ಅಂದರೆ ಯಾವ ಮೋಟರು ಅಂತ ಕೇಳುವ ಸ್ಥಿತಿ. ಐವತ್ತಕ್ಕೇ ಹೀಗೆ ಸುಸ್ತಾದರೆ ಮುಂದೆ ಹೇಗೋ…

ಹೋದ ಸೋಮವಾರದ್ದು ಹೇಳಿ ಮುಗಿಸುತ್ತೇನೆ. ಗಂಗಿ ಒಪ್ಪತ್ತು ಇರುತ್ತೇನೆ ಅಂದಳು. ಡಾಕ್ಟರಮ್ಮ ಆಗಲೇ ಒಪ್ಪಿದ್ದರು, ನಾನು ಒಪ್ಪಿರಲಿಲ್ಲ. "ಒಂದ್ ಸಲ ನೋಡ್ಬೇಕಣ್ಣ" ಅಂದಳು. ಅಂಗಡಿ ಮುಚ್ಚಿ ಶೆಟ್ಟಿಕೆರೆಗೆ ಹೋಗಿ ಅವಳ ಎದುರಿಗೇ ಕೂತೆ. ಸುದ್ದಿ ಹೇಗೆ ಮುಟ್ಟಿತೋ, ಕೆರೆ ಬೀದಿಯ ನಂಜಮ್ಮಜ್ಜಿ ಬಾಳೆಹಣ್ಣು ಹಿಡಿದು ಬಂದು ಕಂಬಕ್ಕೆ ಒರಗಿ ಕೂತಳು. ಮಗ ಸೊಸೆ ಬೇರೆ ಒಲೆ ಹೂಡುತ್ತೇವೆ ಅನ್ನುತ್ತಿದ್ದಾರಂತೆ, ಬಿಡಲೋ ಬೇಡವೋ, ಕೆಂಪಮ್ಮನನ್ನು ಕೇಳಬೇಕು. ಬಿಸಿಲು ಅಂಗಳದ ನಡುವೆ ಬಂತು. ಗಂಗಿಯ ಹಣೆ ಒಣಗಿಯೇ ಇತ್ತು. ಬೆರಳು ಚುಚ್ಚಿ ನೋಡಿದೆ, ತೊಂಬತ್ತರ ಮೇಲಿತ್ತು. ಇನ್ನೂ ಕಾದೆವು. ಗಂಗಿ ಒಮ್ಮೆ ಕಣ್ಣು ಮುಚ್ಚಿದಳು, ನಾನು ಎದ್ದು ನಿಂತೆ. ತೆರೆದಳು.

"ನಂಗೆ ಹೊಟ್ಟೆ ಹಸೀತಾ ಐತೆ ಕಣಣ್ಣ. ಬರೀ ಹಸಿವು" ಅಂದಳು. ಹೇಳಿ ತಾನೇ ಬೆರಗಾದಳು.

ಅಜ್ಜಿ ಕೇಳಿದಳು, "ಕೆಂಪಮ್ಮ ಬರಾಕಿಲ್ವೇನವ್ವ?"

"ಇಲ್ಲ ಅಜ್ಜಿ. ಇನ್ ಬರಾಕಿಲ್ಲ."

"ಅಯ್ಯೋ ಶಿವನೇ! ಈಗ ನಮ್ಮನೆ ವಿಷ್ಯ ನಾನು ಯಾರನ್ನ ಕೇಳ್ಲಿ?"

"ನನ್ನೇ ಕೇಳು. ಬೇರೆ ಹೋಗ್ಲಿ ಬುಡು. ದಿನಾ ಕಿತ್ತಾಡ್ಕೊಂಡು ಒಂದೇ ಒಲೇಲಿ ಎಷ್ಟು ದಿನ ಬೇಯ್ತೀರಿ? ಬೇರೆ ಹೋದ್ರೆ ಹಬ್ಬಕ್ಕಾದ್ರೂ ನಗ್ತಾ ಬತ್ತಾರೆ."

ಅಜ್ಜಿ ಕಣ್ಣು ಸಣ್ಣ ಮಾಡಿ ಅವಳನ್ನು ನೋಡಿದಳು. "ಇದು ಯಾರ ಮಾತೇ?"

"ನಂದೇ."

"ನಿನ್ ಮಾತು ಅಂದ್ರೆ ನನ್ ಮಗ ಕೇಳ್ತಾನೇನೇ?"

"ಅವ್ನು ಕೇಳೋದು ಹಂಗಿರ್ಲಿ. ನೀನು ಕೇಳ್ತೀಯಾ?"

ಅಜ್ಜಿ ಹಣ್ಣು ಎತ್ತಿಕೊಂಡು ಎದ್ದು ಹೋಗುತ್ತಾಳೆ ಅಂತ ನಾನು ಕಾದೆ. ಗಂಗಿಯೂ ಅದಕ್ಕೇ ಕಾದಳೇನೋ. ಆಮೇಲೆ ಎದ್ದು, ನಡುಹಗಲಲ್ಲೇ, ಸೋಮವಾರ, ನಿನ್ನ ಒಲೆ ಹಚ್ಚಿದಳು ಅವ್ವ. ಮುದ್ದೆಗೆ ಎಸರಿಟ್ಟಳು.

ಅಜ್ಜಿ ಕಂಬ ಬಿಟ್ಟು ಒಳಗೆ ಬಂದು, ಒಲೆಯ ಪಕ್ಕ ಮಂಡಿ ಹಿಡಿದು ಕೂತಳು. ಗಂಗಿಯ ಕಾಲು ಮುಟ್ಟುತ್ತಾಳೇನೋ ಅಂದುಕೊಂಡೆ, ಮುಟ್ಟಲಿಲ್ಲ. "ಸೊಸೆಗೆ ಪಾತ್ರೆ ಪರಟೆ ಕೊಡ್ಬೇಕಲ್ಲೇ ಗಂಗೀ. ಯಾವ್ಯಾವ್ದು ಕೊಡ್ಲಿ, ಹೇಳು" ಅಂದಳು.